ಪಿಸ್ತೂಲಿಗೆ ತವರಿನ ಎಣ್ಣೆ

ನಮ್ಮೂರಿನಲ್ಲಿ ಇರುವುದು ಒಂದೇ ಒಂದು ಪಿಸ್ತೂಲು. ಅದು ಕೇಳಿದವರಿಗೆಲ್ಲ ಸಿಗುತ್ತದೆ. ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಯಾರ ಮೇಲಾದರೂ ತಡೆಯಲಾರದಷ್ಟು ಸಿಟ್ಟು ಬಂದರೆ ಬೆಳಗಿನ ತಿಂಡಿ ಮುಗಿಸಿಕೊಂಡು ಚಾವಡಿಗೆ ಹೋಗಬೇಕು, ಪಿಸ್ತೂಲು ಕಾಯುವ ಎಣ್ಣೆಯಜ್ಜಿಯ ಮುಂದೆ ಕೂತು, ಇಂಥವರನ್ನು ಕೊಲ್ಲಬೇಕಾಗಿದೆ, ಪಿಸ್ತೂಲು ಕೊಡು ಎಂದು ಕೇಳಬೇಕು. ತಿಂಡಿ ತಿನ್ನದೆ ಬಂದವರನ್ನು ಅಜ್ಜಿ ವಾಪಸು ಅಟ್ಟುತ್ತಾಳೆ. ಹಸಿದುಕೊಂಡು ಬಂದವರ ಸಿಟ್ಟನ್ನು ಅವಳು ಸಿಟ್ಟೆಂದೇ ಒಪ್ಪುವುದಿಲ್ಲ.

ಪಿಸ್ತೂಲು ಕೊಡುತ್ತಾಳೆ, ಗುಂಡು ಕೊಡುವುದಿಲ್ಲ. ಗುಂಡು ಕೊನೆಗೆ. ಮೊದಲು ಪಿಸ್ತೂಲನ್ನು ಪೂರ್ತಿ ಬಿಚ್ಚಬೇಕು, ಪೂರ್ತಿ ಒರೆಸಬೇಕು, ಎಣ್ಣೆ ಹಾಕಬೇಕು, ಮತ್ತೆ ಜೋಡಿಸಬೇಕು. ಇದನ್ನೆಲ್ಲ ಕೇಳಿಬಂದವರೇ ಮಾಡಬೇಕು. ಯಾರನ್ನು ಕೊಲ್ಲಬೇಕೋ ಅವರು ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತು, ಮಡಿಲಲ್ಲಿ ಬಟ್ಟೆ ಹಾಸಿಕೊಂಡು, ಬಿಚ್ಚಿದ ಒಂದೊಂದು ಭಾಗವನ್ನೂ ಜೋಪಾನವಾಗಿ ಹಿಡಿದುಕೊಂಡಿರಬೇಕು. ಇದು ನಿಯಮ. ಇದನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ಚಾವಡಿಯ ಯಜಮಾನನನ್ನು ಕೇಳಿದರೆ ಅವನು ಕೆಮ್ಮುತ್ತಾನೆ. ಪಾಪ, ಅವನಿಗೂ ಗೊತ್ತಿಲ್ಲ.

ಕೆಲಸ ಶುರುವಾಗುವುದು ಹೀಗೆ. ಮೊದಲು ಹಿಡಿಯೊಳಗಿನ ಮ್ಯಾಗಜೀನನ್ನು ಹೊರಗೆ ತೆಗೆಯಬೇಕು. ಆಮೇಲೆ ಮೇಲಿನ ಜಾರುಪಟ್ಟಿಯನ್ನು ಹಿಂದಕ್ಕೆ ಎಳೆದು, ನಳಿಗೆಯ ಬುಡದಲ್ಲಿ ಗುಂಡೇನಾದರೂ ಕೂತಿದೆಯೇ ಎಂದು ಕಣ್ಣಿಂದ ನೋಡಬೇಕು. ಕಣ್ಣನ್ನು ನಂಬದೆ ಕಿರುಬೆರಳು ತೂರಿಸಿಯೂ ನೋಡಬೇಕು. ಎದುರಿಗೆ ಕೂತವರೂ ತಮ್ಮ ಕಿರುಬೆರಳು ತೂರಿಸಿ ನೋಡಬೇಕು. ಆಗ ಅಜ್ಜಿ 'ಖಾಲಿಯೇ?' ಎನ್ನುತ್ತಾಳೆ. ಇಬ್ಬರೂ 'ಖಾಲಿ' ಎನ್ನುತ್ತಾರೆ. ಸುತ್ತ ಕೂತ ನಾವೆಲ್ಲ 'ಖಾಲಿ' ಎನ್ನುತ್ತೇವೆ. ಹೀಗೆ ಮೂರು ಸಲ. ಮೂರನೆಯ ಸಲ ನಮ್ಮ ಬಾಯಲ್ಲಿ ಮಂಡಕ್ಕಿ ಇರುವುದರಿಂದ ಸ್ವಲ್ಪ ಅಸ್ಪಷ್ಟವಾಗಿ ಕೇಳುತ್ತದೆ.

ಹೌದು, ಮಂಡಕ್ಕಿ ಕಟ್ಟಿಕೊಂಡೇ ಹೋಗುತ್ತೇವೆ. ಯಾಕೆಂದರೆ ಇದು ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಜೋಡಿಸಿ ಕೊಟ್ಟ ಪಿಸ್ತೂಲನ್ನು ಅಜ್ಜಿ ಒಂದು ಬಿಳಿ ಬಟ್ಟೆಯಿಂದ ಒಳಗೂ ಹೊರಗೂ ಒರೆಸುತ್ತಾಳೆ. ಬಟ್ಟೆಯ ಮೇಲೆ ಸಾಸಿವೆಯಷ್ಟು ಕಪ್ಪು ಕಂಡರೂ ಸಾಕು, 'ಮತ್ತೆ' ಎನ್ನುತ್ತಾಳೆ. ಮತ್ತೆ ಬಿಚ್ಚಬೇಕು, ಮತ್ತೆ ಖಾಲಿ ಎನ್ನಬೇಕು. ಬಟ್ಟೆ ಬೆಳ್ಳಗೇ ಉಳಿದರೆ 'ಆಯಿತು' ಎಂದು ಒಂದು ಗುಂಡು ಕೊಡುತ್ತಾಳೆ. ಗುಂಡು ಕೈಗೆ ಬಂದ ಮೇಲೆ ಅಡ್ಡ ಬರುವ ಹಕ್ಕು ಯಾರಿಗೂ ಇಲ್ಲ, ಅಜ್ಜಿಗೂ ಇಲ್ಲ.

ಆದರೆ ಬಟ್ಟೆ ಬೆಳ್ಳಗೆ ಉಳಿಯುವುದಾದರೂ ಹೇಗೆ? ನಮ್ಮವರಿಗೆ ಎಣ್ಣೆಯ ಅಳತೆಯೇ ತಿಳಿಯುವುದಿಲ್ಲ. ಜಾರುಪಟ್ಟಿ ಜಾರುವ ಎರಡು ಹಳಿಗಳಿಗೆ ಒಂದೊಂದು ಹನಿ, ನಳಿಗೆಯ ಹೊರಮೈಗೆ ಬೆರಳಿಗಂಟಿದ ಪಸೆ, ಇಷ್ಟೇ ಸಾಕು ಎಂದು ಅಜ್ಜಿ ಬಾಯಿ ನೋಯುವಷ್ಟು ಹೇಳುತ್ತಾಳೆ. ಇವರು ದೇವರಿಗೆ ಅಭಿಷೇಕ ಮಾಡುವವರ ಹಾಗೆ ಸುರಿಯುತ್ತಾರೆ. ಹೆಚ್ಚಾದ ಎಣ್ಣೆ ಧೂಳು ಹಿಡಿಯುತ್ತದೆ, ಧೂಳು ಮಸಿಯಾಗುತ್ತದೆ, ಬಟ್ಟೆ ಕಪ್ಪಾಗುತ್ತದೆ. ನಮ್ಮ ಗಾಣದವನು ಒಮ್ಮೆ ತನ್ನ ಭಾವಮೈದುನನನ್ನು ಕೊಲ್ಲಲು ಕೂತಿದ್ದ. ಕಸುಬಿನ ಕೈ ನೋಡಿ, ಧಾರಾಳವಾಗಿ ಹೋಯಿತು. ಪಿಸ್ತೂಲಿನಿಂದ ಒಂಬತ್ತು ದಿನ ಎಣ್ಣೆ ತೊಟ್ಟಿಕ್ಕಿತು.

ಹುಣಸೆಮರದ ಮನೆಯವಳು ಓರಗಿತ್ತಿಯನ್ನು ಕೊಲ್ಲಲು ಕೂತಾಗ ಒಳಗಿನ ಸ್ಪ್ರಿಂಗು ಕೈಜಾರಿ ಚಂಗನೆ ಹಾರಿ ತೊಲೆಗೆ ಬಡಿದು ಎಲ್ಲೋ ಬಿತ್ತು. ಅರ್ಧ ಊರು ಮಂಡಿಯೂರಿ ನೆಲ ತಡಕಿತು. ಹುಡುಕಿ ಕೊಟ್ಟವಳು ಓರಗಿತ್ತಿಯೇ. ತನ್ನನ್ನು ಕೊಲ್ಲಬೇಕಾಗಿದ್ದ ಸ್ಪ್ರಿಂಗನ್ನು ತಾನೇ ಹುಡುಕಿಕೊಟ್ಟೆ ಎಂದು ಅವಳು ಇಂದಿಗೂ ಜಂಬ ಕೊಚ್ಚುತ್ತಾಳೆ. ಹೆಚ್ಚುಕಮ್ಮಿ ಎಲ್ಲರದೂ ಇದೇ ಕಥೆ. ಮೂರನೆಯ 'ಮತ್ತೆ' ಬರುವ ಹೊತ್ತಿಗೆ ಬೆರಳು ಕಪ್ಪಾಗಿರುತ್ತದೆ, ಬೆನ್ನು ಹಿಡಿದಿರುತ್ತದೆ, ಎದುರಿಗೆ ಕೂತವರೇ, ಅಯ್ಯೋ ಅದು ಹಾಗಲ್ಲ, ತಿರುಗಿಸಿ ಹಾಕು ಎಂದು ಹೇಳಿಕೊಡುತ್ತಿರುತ್ತಾರೆ. ಸಿಟ್ಟು ಯಾವಾಗ ಎದ್ದುಹೋಯಿತು ಎಂದು ಸಿಟ್ಟು ಮಾಡಿದವರಿಗೇ ತಿಳಿದಿರುವುದಿಲ್ಲ.

ಒಬ್ಬನೇ ಒಬ್ಬ ಕೊನೆಯವರೆಗೆ ಹೋದದ್ದುಂಟು. ನಮ್ಮ ಮುತ್ತಜ್ಜಂದಿರ ಕಾಲದ ಒಬ್ಬ ಕುಂಬಾರ. ಆಗಿನ ಎಣ್ಣೆಯಜ್ಜಿಗೆ ಜ್ವರ ಬಂದಿತ್ತಂತೆ, ಕಣ್ಣು ಮಂಜಾಗಿತ್ತಂತೆ, 'ಆಯಿತು' ಎಂದುಬಿಟ್ಟಳಂತೆ. ಕುಂಬಾರ ದಾಯಾದಿಯ ಎದೆಗೆ ಗುರಿಯಿಟ್ಟು ಪಿಸ್ತೂಲಿನ ಕುದುರೆ ಎಳೆದ. ಟಪ್ ಎಂದಿತು, ಅಷ್ಟೆ. ಗುಂಡು ಹಾರಲಿಲ್ಲ. ಇಬ್ಬರೂ ತಬ್ಬಿಕೊಂಡು ಅತ್ತರು. ನಮ್ಮೂರಿನ ಪಿಸ್ತೂಲು ನಮ್ಮವರ ಮೇಲೆ ಹಾರುವುದಿಲ್ಲ, ಅದಕ್ಕೂ ನಮ್ಮ ಮೇಲೆ ಕರುಣೆ ಇದೆ ಎಂದು ಅಂದಿನಿಂದ ಊರಿಗೆ ನಂಬಿಕೆ ಬಂತು. ಪರವೂರಿನವರ ಮುಂದೆ ಇದನ್ನು ಹೇಳುವಾಗ ನಮ್ಮ ಎದೆ ಎರಡಂಗುಲ ಉಬ್ಬುತ್ತಿತ್ತು.

ಆ ನಂಬಿಕೆಯಿಂದ ಒಂದು ಸಂಪ್ರದಾಯವೂ ಹುಟ್ಟಿತು. ಈ ಊರಿಗೆ ಸೊಸೆಯಾಗಿ ಬಂದ ಹೆಣ್ಣು ಹೊಸಿಲು ದಾಟುವ ಮೊದಲು ಚಾವಡಿಗೆ ಬಂದು, ತವರಿನಿಂದ ತಂದ ಎಣ್ಣೆಯ ಒಂದು ಹನಿಯನ್ನು ಪಿಸ್ತೂಲಿನ ಬೆನ್ನಿನಲ್ಲಿರುವ ಸಣ್ಣ ತೂತಿನೊಳಗೆ ಬಿಡಬೇಕು. ಒಬ್ಬಳ ತವರಲ್ಲಿ ಹರಳೆಣ್ಣೆ, ಒಬ್ಬಳ ತವರಲ್ಲಿ ಹುಚ್ಚೆಳ್ಳೆಣ್ಣೆ, ದೂರದ ಬಯಲುಸೀಮೆಯಿಂದ ಬಂದವಳಾದರೆ ಕುಸುಬೆಎಣ್ಣೆ. ನನ್ನ ಹೆಂಡತಿ ಕೊಬ್ಬರಿ ಎಣ್ಣೆ ಬಿಟ್ಟವಳು. ಹನಿ ಬಿಟ್ಟು, ನನ್ನ ಗಂಡನ ಮನೆಯವರನ್ನು ಕಾಪಾಡಪ್ಪ ಎಂದು ಕೈಮುಗಿದಳು. ಹಾಗೆ ಕೈಮುಗಿಯುವಾಗ ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು.

ಇನ್ನು ಗಡಿಯಾರದವನ ವಿಷಯ. ಅವನು ಮಾತಾಡುವವನಲ್ಲ. ನಮ್ಮೂರಿನ ಗೋಪುರದಲ್ಲಿ ಒಂದು ದೊಡ್ಡ ಗಡಿಯಾರ ಅವನ ತಂದೆ ಹುಟ್ಟುವ ಮೊದಲೇ ನಿಂತುಹೋಗಿತ್ತು. ಅದನ್ನು ರಿಪೇರಿ ಮಾಡುತ್ತೇನೆಂದು ಹನ್ನೆರಡು ವರ್ಷದ ಹಿಂದೆ ಗೋಪುರ ಹತ್ತಿದವನು ಅಲ್ಲೇ ಉಂಡ, ಅಲ್ಲೇ ಮಲಗಿದ. ಸವೆದ ಚಕ್ರಗಳ ಬದಲು ಹೊಸ ಚಕ್ರಗಳನ್ನು ಅರದಿಂದ ಉಜ್ಜಿ ಉಜ್ಜಿ ತಾನೇ ಮಾಡಿದ. ಕೊನೆಗೊಂದು ದಿನ ಕೆಳಗಿಳಿದು, ನಾಳೆ ಮಧ್ಯಾಹ್ನ ಗಡಿಯಾರ ಹನ್ನೆರಡು ಹೊಡೆಯುತ್ತದೆ, ದಿನಕ್ಕೆ ಅದೊಂದೇ ಸಲ ಹೊಡೆಯುವುದು, ಬಂದು ಕೇಳಿ ಎಂದ.

ಎಲ್ಲರೂ ಹೋದೆವು. ಆದರೆ ಊರಬಾಗಿಲಿನ ಮೇಲೆ ನಗಾರಿಯವನು ಇದ್ದಾನಲ್ಲ, ನಡುಮಧ್ಯಾಹ್ನಕ್ಕೆ ನಗಾರಿ ಬಾರಿಸುವುದು ಅವನ ಮನೆತನದ ಕೆಲಸ. ಗೋಪುರದ ಸುತ್ತಿಗೆ ಮೇಲೆದ್ದ ಕ್ಷಣಕ್ಕೆ ಸರಿಯಾಗಿ ಅವನು ನಗಾರಿಗೆ ಕೈಹಚ್ಚಿದ. ಎಂದೂ ಬಾರಿಸದಷ್ಟು ಜೋರಾಗಿ, ಎಂದೂ ಬಾರಿಸದಷ್ಟು ಹೊತ್ತು. ಅವನು ನಿಲ್ಲಿಸುವ ಹೊತ್ತಿಗೆ ಗಡಿಯಾರದ ಹನ್ನೆರಡೂ ಏಟು ಮುಗಿದುಹೋಗಿತ್ತು. ಮರುದಿನವೂ ಹಾಗೇ. ಮೂರು ತಿಂಗಳು ದಿನವೂ ಹಾಗೇ. ಹನ್ನೆರಡು ವರ್ಷದ ದುಡಿಮೆಯ ದನಿಯನ್ನು ಊರಿನಲ್ಲಿ ಒಬ್ಬರೂ ಕೇಳಲಿಲ್ಲ. ನಾವೇನು ಕಡಿಮೆಯೇ? ಗಡಿಯಾರಕ್ಕೆ ಗಂಟಲು ಕಟ್ಟಿದೆಯಂತೆ, ಶುಂಠಿ ಕಷಾಯ ಕೊಡಿ ಎಂದು ನಗಾಡಿದೆವು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಗಡಿಯಾರದವನು ಲೋಲಕವನ್ನು ಕೈಯಿಂದ ಹಿಡಿದು ನಿಲ್ಲಿಸಿ, ಕೆಳಗಿಳಿದು, ತಿಂಡಿ ತಿಂದು, ಚಾವಡಿಗೆ ಬಂದು ಪಿಸ್ತೂಲು ಕೇಳಿದ.

ಸುದ್ದಿ ಕೇಳಿ ಊರಿಗೆ ಊರೇ ಖುಷಿಯಿಂದ ಸೇರಿತು. ಎಲ್ಲರಿಗಿಂತ ಖುಷಿ ನಗಾರಿಯವನಿಗೆ. ಮಡಿಲಿಗೆ ಹಾಸಲು ಹೊಸ ಬಟ್ಟೆಯನ್ನೇ ತಂದಿದ್ದ, ಸೊಂಟದಲ್ಲಿ ಮಂಡಕ್ಕಿಯ ಗಂಟೂ ಇತ್ತು. ಖಾಲಿಯೇ, ಖಾಲಿ, ಖಾಲಿ ಎಂದಾಯಿತು. ಗಡಿಯಾರದವನು ಬಿಚ್ಚತೊಡಗಿದ. ಅವನು ಬಿಚ್ಚುವುದನ್ನು ನೋಡುತ್ತಿದ್ದ ಹಾಗೆ ನಮ್ಮ ಮಂಡಕ್ಕಿ ಅಗಿಯುವುದು ನಿಧಾನವಾಯಿತು. ಸ್ಪ್ರಿಂಗು ಹಾರಲಿಲ್ಲ. ಹೆಬ್ಬೆರಳಿನಿಂದ ತಡೆದು, ಒಗ್ಗಿದ ಹಸುವನ್ನು ಹೊರಗೆ ಬಿಡುವವನ ಹಾಗೆ ಅದನ್ನು ಹೊರಗೆ ಬಿಟ್ಟ. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಎದುರಿನವನ ಮಡಿಲಲ್ಲಿಟ್ಟ. ಬುಡದಿಂದ ತುದಿಗೆ ಬ್ರಶ್ಶು ತೂರಿಸಿ, ಒಂದರ ಹಿಂದೊಂದು ಬಟ್ಟೆಯ ಚೂರುಗಳನ್ನು ನಳಿಗೆಯೊಳಗೆ ಎಳೆದ. ಐದನೆಯ ಚೂರು ಬೆಳ್ಳಗೆ ಬಂತು.

ಆಮೇಲೆ ಯಾರೂ ಮಾಡದ ಒಂದು ಕೆಲಸ ಮಾಡಿದ. ಜಾರುಪಟ್ಟಿಯ ಬೆನ್ನನ್ನು ಬೆಳಕಿಗೆ ಹಿಡಿದ. ಅಲ್ಲಿ ಉಗುರಿನಷ್ಟಗಲದ ಒಂದು ತಗಡು, ಅದರ ನಡುವೆ ಸೊಸೆಯಂದಿರು ಹನಿ ಬಿಡುವ ತೂತು. ಅದು ಅಲಂಕಾರವೆಂದೇ ನಾವೆಲ್ಲ ತಿಳಿದದ್ದು, ಕೆಲವರು ಅಲ್ಲಿ ಕುಂಕುಮವನ್ನೂ ಹಚ್ಚುತ್ತಿದ್ದರು. ಗಡಿಯಾರದವನು ಕೊರಳಲ್ಲಿ ನೇತಾಡುತ್ತಿದ್ದ ತನ್ನ ಸಣ್ಣ ಸಲಾಕೆಯನ್ನು ತೂತಿಗೆ ಒತ್ತಿ, ತಗಡನ್ನು ಹೆಬ್ಬೆರಳಿನಿಂದ ಕೆಳಗೆ ತಳ್ಳಿದ. ಅದು ಜಾರಿಕೊಂಡು ಬಂತು. ಒಳಗೊಂದು ಕೊರೆದ ದಾರಿ. ಗುಂಡಿನ ಹಿಂಭಾಗಕ್ಕೆ ಬಡಿಯುವ ಸೂಜಿ ಓಡಾಡುವ ದಾರಿ ಅದು. ತಗಡಿನ ಬಾಗಿಲು ತೆರೆದ ಕೂಡಲೇ ಸೂಜಿ ಹಿಂದಕ್ಕೆ ಚಿಮ್ಮಬೇಕಿತ್ತು. ಚಿಮ್ಮಲಿಲ್ಲ. ಅವನು ಬಿದಿರಿನ ಸಿಬಿರೊಂದನ್ನು ಹಾಕಿ ತಿರುಗಿಸಿ ಹೊರಗೆಳೆದ. ಕಪ್ಪಗೆ, ಬೆಲ್ಲದ ಪಾಕದ ಹಾಗೆ ಅಂಟಂಟಾದ ಏನೋ ಒಂದು ಅದಕ್ಕೆ ಸುತ್ತಿಕೊಂಡು ಬಂತು.

ಅಜ್ಜಿ ಮೂಸಿ ನೋಡಿದಳು. 'ಕುಸುಬೆ' ಎಂದಳು. ಇನ್ನೊಮ್ಮೆ ಮೂಸಿ 'ಹುಚ್ಚೆಳ್ಳು' ಎಂದಳು. ಊರಿನ ಹೆಂಗಸರೆಲ್ಲ ಸಾಲಾಗಿ ಬಂದು ಮೂಸಿದರು. ಒಬ್ಬಳು ಮುದುಕಿ, ಇದು ನನ್ನ ತವರಿನ ಹರಳೆಣ್ಣೆಯೇ ಸೈ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನೂರು ವರ್ಷದ ಸೊಸೆಯಂದಿರ ಭಕ್ತಿಯೆಲ್ಲ ಒಳಗೆ ಗಟ್ಟಿಯಾಗಿ ಸೂಜಿಯನ್ನು ಹಿಡಿದುಕೊಂಡಿತ್ತು. ಕುಂಬಾರನ ಕೈಯಲ್ಲಿ ಪಿಸ್ತೂಲು ಹಾರದೆ ಹೋದದ್ದು ಕರುಣೆಯಿಂದಲ್ಲ, ಕೊಳೆಯಿಂದ. ಅವನಿಗಿಂತ ಹಿಂದಿನವರೂ ಯಾರೋ ಪ್ರೀತಿ ಹೆಚ್ಚಾಗಿ ಅಲ್ಲಿ ಸುರಿದಿದ್ದರು ಎಂದಾಯಿತು. ನನಗಂತೂ ತುಂಬ ಬೇಜಾರಾಯಿತು. ನಮ್ಮ ಹಿರಿಯರ ದೊಡ್ಡತನವೆಂದು ಹೇಳಿಕೊಂಡು ತಿರುಗುತ್ತಿದ್ದೆವಲ್ಲ, ಅದು ಬರೀ ಅಂಟು.

ನಗಾರಿಯವನ ಕೈಯಲ್ಲಿದ್ದ ಮಂಡಕ್ಕಿ ಕೈಯಲ್ಲೇ ಉಳಿಯಿತು. ಅವನಿಗೆ ಎಲ್ಲರಿಗಿಂತ ಮೊದಲು ಅರ್ಥವಾಗಿತ್ತು. ಈ ದಾರಿ ತೊಳೆದುಬಿಟ್ಟರೆ ಪಿಸ್ತೂಲು ನಿಜವಾಗಿ ಹಾರುತ್ತದೆ, ಮತ್ತು ತೊಳೆಯುತ್ತಿರುವ ಕೈ ಹನ್ನೆರಡು ವರ್ಷ ಒಂದೇ ಕೆಲಸ ಮಾಡಿದ ಕೈ.

ಚಾವಡಿಯ ಯಜಮಾನ ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, ಆ ಬಾಗಿಲು ಮುಚ್ಚಿಸಿಬಿಡು, ಇಷ್ಟು ದಿನ ಯಾರೂ ತೆರೆದಿಲ್ಲ, ನಿಯಮದಲ್ಲಿ ಅದರ ಹೆಸರೂ ಇಲ್ಲ ಎಂದ. ಪಿಸುಗುಟ್ಟಿದ್ದೇನೋ ಹೌದು, ಆದರೆ ಆ ಮೌನದಲ್ಲಿ ನಮಗೆಲ್ಲ ಕೇಳಿಸಿತು. ನಾವೆಲ್ಲ ಹೌದು ಹೌದೆಂದು ತಲೆಯಾಡಿಸಿದೆವು. ಅಜ್ಜಿ ಆ ಕಪ್ಪು ಸಿಬಿರನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಅಮ್ಮ, ಅಮ್ಮನ ಅಮ್ಮ ಎಲ್ಲ ಈ ಪಿಸ್ತೂಲನ್ನೇ ಕಾಯ್ದವರು.

'ಪೂರ್ತಿ ಬಿಚ್ಚಬೇಕು ಅಂತಿದೆ ನಿಯಮ' ಎಂದಳು ಅಜ್ಜಿ. 'ನಾನು ಇಷ್ಟು ದಿನ ಅರ್ಧವನ್ನೇ ಪೂರ್ತಿ ಅಂದ್ಕೊಂಡಿದ್ದೆ. ತಪ್ಪು ನಂದು. ತೊಳಿ ಮಗಾ.'

ಆ ದಿನದ ಕೆಲಸ ಅಲ್ಲಿಗೆ ನಿಂತಿತು. ಅಷ್ಟು ಹಳೆಯ ಅಂಟು ಬಿಡಬೇಕಾದರೆ ಒಂದು ದಿನ ಸೀಮೆಎಣ್ಣೆಯಲ್ಲಿ ನೆನೆಯಬೇಕಿತ್ತು. ಅಜ್ಜಿಯ ಹಿತ್ತಾಳೆ ಬೋಗುಣಿಯಲ್ಲಿ ಸೂಜಿಯನ್ನೂ ಜಾರುಪಟ್ಟಿಯನ್ನೂ ಮುಳುಗಿಸಿಟ್ಟು ಎಲ್ಲರೂ ಮನೆಗೆ ಹೋದೆವು. ಮಂಡಕ್ಕಿ ಮಿಕ್ಕಿತ್ತು, ಅದೇ ಮೊದಲು.

ಎರಡನೆಯ ಬೆಳಿಗ್ಗೆ ಅಂಟು ಹೊರಗೆ ಬಂತು. ಗಡಿಯಾರದವನು ದಾರಿಯನ್ನು ಸಿಬಿರಿನಿಂದ ಕೆರೆದ, ಬಟ್ಟೆ ಸುತ್ತಿದ ಕಡ್ಡಿಯಿಂದ ಉಜ್ಜಿದ, ಮತ್ತೆ ಕೆರೆದ, ಮತ್ತೆ ಉಜ್ಜಿದ. ನಗಾರಿಯವನು ಎದುರಿಗೆ ಬೆವರುತ್ತಿದ್ದ. ಹಣೆಯಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ ಇಳಿದ ಒಂದು ಹನಿ ಬೆವರು ಮಡಿಲಲ್ಲಿದ್ದ ನಳಿಗೆಯ ಮೇಲೆ ಟಪಕ್ಕನೆ ಬಿತ್ತು.

ಬೆವರು ಬಿದ್ದರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಅದರಲ್ಲೂ ಉಪ್ಪುಬೆವರು. ಗಡಿಯಾರದವನು ನಳಿಗೆಯನ್ನು ಒರೆಸಿದ. ಇನ್ನೊಂದು ಹನಿ ಬಿತ್ತು, ಅದನ್ನೂ ಒರೆಸಿದ. ಮೂರನೆಯ ಹನಿಗೆ ಅವನ ತಾಳ್ಮೆ ಕೆಟ್ಟಿತು. ತನ್ನ ಹೆಗಲ ವಸ್ತ್ರದಿಂದ ನಗಾರಿಯವನ ಮುಖ ಒರೆಸಿದ. ಕತ್ತು ಒರೆಸಿದ. ಪ್ರಯೋಜನವಾಗಲಿಲ್ಲ, ಬುಗ್ಗೆಯಂತೆ ಬೆವರು ಬರುತ್ತಲೇ ಇತ್ತು. ಅಜ್ಜಿಯ ಹತ್ತಿರ ಬೀಸಣಿಗೆ ಕೇಳಿ ಇಸಿದುಕೊಂಡು ಬೀಸತೊಡಗಿದ. ಒಂದು ಕೈಯಲ್ಲಿ ಕಡ್ಡಿ, ಒಂದು ಕೈಯಲ್ಲಿ ಬೀಸಣಿಗೆ. ಮಜ್ಜಿಗೆ ತರಿಸಿ, ಲೋಟ ಅವನ ಬಾಯಿಗೆ ತಾನೇ ಹಿಡಿದ. ಅವನ ಎರಡೂ ಕೈ ಮಡಿಲಿನ ಬಟ್ಟೆ ಹಿಡಿದಿತ್ತಲ್ಲ.

ಕೊಲ್ಲಬೇಕೆಂದಿರುವವನು ಸಾಯಬೇಕಾದವನಿಗೆ ಗಾಳಿ ಹಾಕಿ ಮಜ್ಜಿಗೆ ಕುಡಿಸುತ್ತಿರುವುದನ್ನು ನೋಡಿ ನಮಗೆ ನಗು ಬಂತು. ಆದರೆ ಬಾಯಿ ಬಿಟ್ಟು ನಗುವ ಧೈರ್ಯ ಯಾರಿಗೂ ಇರಲಿಲ್ಲ.

ಮಜ್ಜಿಗೆ ಕುಡಿದು ನಗಾರಿಯವನು ಸ್ವಲ್ಪ ಸುಧಾರಿಸಿಕೊಂಡ. ತಲೆ ತಗ್ಗಿಸಿಯೇ ಹೇಳಿದ, 'ನಿನ್ನ ಗಡಿಯಾರ ಹೊಡೆದ್ರೆ ನನ್ನ ನಗಾರಿ ಯಾರಿಗೆ ಬೇಕು ಹೇಳು? ನಮ್ಮಪ್ಪ, ನಮ್ಮಜ್ಜ ಎಲ್ಲ ಅದನ್ನೇ ನಂಬ್ಕೊಂಡಿದ್ದೋರು. ಹೆದರ್ಕೊಂಡು ಹೊಡೆದೆ ಕಣಯ್ಯ.'

ಗಡಿಯಾರದವನು, ಮೊಣಕಾಲು ಅಲುಗಿಸಬೇಡ, ಸ್ಪ್ರಿಂಗು ಉರುಳುತ್ತದೆ ಎಂದಷ್ಟೇ ಹೇಳಿದ. ಬೀಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮೂರನೆಯ ಬೆಳಿಗ್ಗೆ ಮಂಡಕ್ಕಿ ತಂದವರು ಯಾರೂ ಇರಲಿಲ್ಲ. ನಗಾರಿಯವನ ಹೆಂಡತಿ ಕಂಬಕ್ಕೆ ಒರಗಿ ನಿಂತಿದ್ದಳು, ಅವಳ ಮುಖ ನೋಡಲು ನಮಗೆ ಆಗಲಿಲ್ಲ. ಗಡಿಯಾರದವನು ಸೂಜಿಯನ್ನು ಅದರ ದಾರಿಯೊಳಗೆ ಬಿಟ್ಟು ಜಾರುಪಟ್ಟಿಯನ್ನು ಅತ್ತ ವಾಲಿಸಿದ, ಸೂಜಿ ಅತ್ತ ಜಾರಿತು. ಇತ್ತ ವಾಲಿಸಿದ, ಇತ್ತ ಜಾರಿತು. ಆ ದಾರಿಗೆ ಒಂದು ಹನಿ ಎಣ್ಣೆಯನ್ನೂ ಹಾಕಲಿಲ್ಲ, ಒಣಗಿದ ಹಾಗೇ ಬಿಟ್ಟ. ಮ್ಯಾಗಜೀನನ್ನೂ ಒಣಬಟ್ಟೆಯಿಂದ ಒರೆಸಿ ಹಾಗೇ ಇಟ್ಟ. ಹಳಿಗಳಿಗೆ ಒಂದೊಂದು ಹನಿ ಬಿಟ್ಟು ಬೆರಳಿನಿಂದ ಎಳೆದ. ನಳಿಗೆಗೆ ಪಸೆ ಸವರಿದ. ಬೆರಳಿಗೆ ಉಳಿದದ್ದನ್ನು ಬಟ್ಟೆಗೆ ಒರೆಸಿದ. ನಗಾರಿಯವನ ಮಡಿಲಿನಿಂದ ಒಂದೊಂದನ್ನೇ ಎತ್ತಿಕೊಂಡು ಜೋಡಿಸಿದ. ಕೊನೆಕೊನೆಗೆ ನಗಾರಿಯವನೇ ಮುಂದಿನದನ್ನು ಎತ್ತಿ ಕೊಡುತ್ತಿದ್ದ. ಮೂರು ದಿನ ಮಡಿಲಲ್ಲಿಟ್ಟುಕೊಂಡು ಅವನಿಗೂ ಕ್ರಮ ಬಾಯಿಪಾಠವಾಗಿತ್ತು.

ಅಜ್ಜಿ ಬಿಳಿ ಬಟ್ಟೆ ತೆಗೆದುಕೊಂಡಳು. ಒಳಗೆ ಒರೆಸಿದಳು, ಹೊರಗೆ ಒರೆಸಿದಳು. ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದಳು. ಅದರಲ್ಲಿ ಒಂದೇ ಒಂದು ಕಪ್ಪು ಚುಕ್ಕೆ ಕಾಣಲಿ ಎಂದು ನಾವೆಲ್ಲ ನಮ್ಮ ನಮ್ಮ ಮನೆದೇವರನ್ನು ನೆನೆದೆವು. ಬಟ್ಟೆ ಬೆಳ್ಳಗಿತ್ತು. ಅಜ್ಜಿ ಒಂದು ಸುಳ್ಳು ಹೇಳಿದ್ದರೆ ನಾವ್ಯಾರೂ ಅವಳನ್ನು ದೂರುತ್ತಿರಲಿಲ್ಲ. ಅವಳು ಹೇಳಲಿಲ್ಲ.

'ಆಯಿತು' ಎಂದಳು. ಸೊಂಟದ ಚೀಲದಿಂದ ಗುಂಡು ತೆಗೆದು ಅವನ ಅಂಗೈ ಮೇಲಿಟ್ಟಳು.

ಗಡಿಯಾರದವನು ಗುಂಡನ್ನು ಮ್ಯಾಗಜೀನಿಗೆ ತುಂಬಿದ. ಮ್ಯಾಗಜೀನನ್ನು ಹಿಡಿಯೊಳಗೆ ತಳ್ಳಿದ. ಎದ್ದು ನಿಂತು, ಪಿಸ್ತೂಲಿನ ಬಾಯಿಯನ್ನು ನೆಲದ ಕಡೆಗಿಟ್ಟು, ಜಾರುಪಟ್ಟಿಯನ್ನು ಹಿಂದಕ್ಕೆಳೆದು ಬಿಟ್ಟ.

ಆ ಸದ್ದನ್ನು ಹೇಗೆ ಹೇಳಲಿ? ಇಷ್ಟು ವರ್ಷ ಆ ಪಿಸ್ತೂಲು ಕರಕರ ಎನ್ನುತ್ತಿತ್ತು, ಪಿಚಪಿಚ ಎನ್ನುತ್ತಿತ್ತು. ಇಂದು ಅದು ಒಮ್ಮೆ ಜಾರಿ ಒಮ್ಮೆ ಕೂತಿತು. ಎರಡೇ ಸದ್ದು, ಎರಡೂ ಅಚ್ಚುಕಟ್ಟು, ಒಂದರೊಳಗೊಂದು ಸರಿಯಾಗಿ ಹೊಂದಿಕೊಂಡದ್ದು. ಉಸಿರು ಬಿಗಿಹಿಡಿದು ಕೂತಿದ್ದ ಅಷ್ಟು ದೊಡ್ಡ ಊರಿನಲ್ಲಿ ಬೇರೆ ಒಂದು ಸದ್ದೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಅರೆಕಿವುಡ ಮುದುಕನೂ ತಲೆಯೆತ್ತಿ ನೋಡಿದ. ಗಡಿಯಾರದವನೂ ಆ ಸದ್ದನ್ನು ಕೇಳುತ್ತ ನಿಂತಿದ್ದ.

'ಕೇಳಿಸ್ತು' ಎಂದ ನಗಾರಿಯವನು.

ಗಡಿಯಾರದವನು ಅವನ ಕಡೆ ತಿರುಗಿದ. ನಗಾರಿಯವನು ಜೀವ ಉಳಿಸಿಕೊಳ್ಳಲು ಹೇಳಿದ ಮಾತಲ್ಲ ಅದು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಜೀವಮಾನವೆಲ್ಲ ಸದ್ದಿನ ಜೊತೆಗೇ ಬದುಕಿದವನು, ಒಳ್ಳೆಯ ಸದ್ದು ಬಂದಾಗ ಬಾಯಿಂದ ತಾನಾಗಿ ಬಂದದ್ದು. 'ಚೆನ್ನಾಗಿ ಕೇಳಿಸ್ತು ಕಣಯ್ಯ' ಎಂದು ಇನ್ನೊಮ್ಮೆ ಹೇಳಿ, ಕಣ್ಣುಮುಚ್ಚಿ, ಎದೆ ಮುಂದೆ ಮಾಡಿ ಕೂತ.

ನಮಗೆಲ್ಲ ಒಂದು ಯುಗದಷ್ಟು ಹೊತ್ತು ಕಳೆದ ಹಾಗಾಯಿತು. ಗಡಿಯಾರದವನು ಮ್ಯಾಗಜೀನನ್ನು ಹೊರಗೆ ತೆಗೆದ. ಜಾರುಪಟ್ಟಿಯನ್ನು ಎಳೆದ. ಗುಂಡು ಹೊರಗೆ ಹಾರಿ ನಗಾರಿಯವನ ಮಡಿಲಿನ ಬಟ್ಟೆಯ ಮೇಲೆ ಬಿತ್ತು. ಗಡಿಯಾರದವನು ನಳಿಗೆಯ ಬುಡಕ್ಕೆ ಕಿರುಬೆರಳು ತೂರಿಸಿ ನೋಡಿ, ಪಿಸ್ತೂಲನ್ನು ನಗಾರಿಯವನ ಮುಂದೆ ಹಿಡಿದ. ಅವನು ಕಣ್ಣು ತೆರೆದು, ಏನಾಗುತ್ತಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ತೆಗೆದುಕೊಂಡು, ತನ್ನ ಕಿರುಬೆರಳು ತೂರಿಸಿದ. ನಿಯಮದ ಪ್ರಕಾರ ಕೇಳಬೇಕಾದವಳು ಅಜ್ಜಿ. ಅವಳು ಆಗಲೇ ಬಗ್ಗಿ ಗುಂಡನ್ನು ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಕೇಳದಿದ್ದರೂ ಊರೆಲ್ಲ ಒಟ್ಟಿಗೇ 'ಖಾಲಿ' ಎಂದಿತು.

ಕೂತೇ ಇದ್ದ ನಗಾರಿಯವನನ್ನು ಗಡಿಯಾರದವನೇ ರಟ್ಟೆ ಹಿಡಿದು ಎಬ್ಬಿಸಿದ. ನಾಳೆಯಿಂದ ನಿನ್ನ ಹನ್ನೆರಡು ಏಟು ಮುಗಿದ ಮೇಲೆ ನಾನು ಶುರು ಮಾಡುತ್ತೇನೆ ಎಂದು ನಗಾರಿಯವನು ಹೇಳಿದ. ಗಡಿಯಾರ ಹಿಂದೆ ಬಿದ್ದರೆ ಕಾಯಬೇಡ, ಬಂದು ನನಗೆ ಹೇಳು ಎಂದು ಗಡಿಯಾರದವನು ಹೇಳಿದ. ಅವನು ಅಷ್ಟು ಉದ್ದದ ಮಾತಾಡಿದ್ದನ್ನು ನಾವು ಕೇಳಿದ್ದು ಅಪರೂಪ.

ಆಗ ಯಜಮಾನ ಕೆಮ್ಮಿ ಎದ್ದು ನಿಂತ. ಎಲ್ಲ ಸುಖವಾಗಿ ಮುಗಿಯಿತು, ಸಂತೋಷ, ಆದರೆ ಈ ಪಿಸ್ತೂಲು ಹೀಗೆ ನಿಜವಾಗಿ ಹಾರುವ ಹಾಗೆ ಊರಿನಲ್ಲಿ ಇರುವುದು ಕ್ಷೇಮವಲ್ಲ, ಇವತ್ತೇ ಆ ತೂತಿಗೆ ಒಂದು ಸೌಟು ಕುಸುಬೆಎಣ್ಣೆ ಸುರಿದುಬಿಡೋಣ ಎಂದ. ಸುಳ್ಳೇಕೆ ಹೇಳಲಿ, ನಮ್ಮಲ್ಲಿ ಬಹಳ ಜನಕ್ಕೆ ಅದು ಸರಿಯೆನಿಸಿತು. ನಾನಂತೂ ಕೈಯನ್ನೂ ಎತ್ತಿದ್ದೆ.

ಅಜ್ಜಿ ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು.

'ಇಷ್ಟು ದಿನ ಆ ಅಂಟು ನಮ್ಮನ್ನ ಕಾಯ್ತು' ಎಂದಳು. 'ಇನ್ನು ನಾವೇ ಕಾಯ್ಕೊಬೇಕು. ಏಳಿ, ಮನೆಗೆ ಹೋಗಿ, ಉಣ್ಣೋ ಹೊತ್ತಾಯ್ತು.'

ನಾನು ಎತ್ತಿದ ಕೈಯಿಂದ ಹಾಗೇ ತಲೆ ಕೆರೆದುಕೊಂಡೆ.

ಚಾವಡಿಯಿಂದ ಹೊರಗೆ ಹೋಗುವ ಬಾಗಿಲು ಕಿರಿದು. ದಿನವೂ ಅಲ್ಲಿ ನೂಕುನುಗ್ಗಲು, ಮೊಣಕೈ ತಿವಿತ, ಚಪ್ಪಲಿ ತುಳಿತ, ಎರಡು ಬೈಗುಳ ಇದ್ದದ್ದೇ. ಅಂದು ಬಾಗಿಲ ಹತ್ತಿರ ಬಂದವರೆಲ್ಲ ಗಕ್ಕನೆ ನಿಂತರು. ನೀವು ಮುಂದೆ ಹೋಗಿ ಎಂದು ಗಾಣದವನು ಭಾವಮೈದುನನಿಗೆ ಹೇಳಿದ. ಛೆ ಛೆ, ನೀವು ಹಿರಿಯರು, ನೀವು ಹೋಗಿ ಎಂದು ಅವನು ಸರಿದು ನಿಂತ. ಹುಣಸೆಮರದ ಮನೆಯವಳು ಓರಗಿತ್ತಿಗೆ ದಾರಿ ಬಿಟ್ಟಳು, ಓರಗಿತ್ತಿ ಅವಳಿಗೆ ಬಿಟ್ಟಳು. ಹಿಂದಿನವರು ಮುಂದಿನವರಿಗೆ, ಮುಂದಿನವರು ಹಿಂದಿನವರಿಗೆ. ಮುಗುಳ್ನಗುತ್ತ, ಒಬ್ಬರ ಮುಖ ಒಬ್ಬರು ನೋಡುತ್ತ, ಸ್ವಲ್ಪ ಹೆದರಿಕೊಂಡು, ಸ್ವಲ್ಪ ಖುಷಿಪಟ್ಟುಕೊಂಡು, ಎಲ್ಲರೂ ಎಲ್ಲರಿಗೂ ದಾರಿ ಬಿಡುತ್ತ ನಿಂತೇ ಇದ್ದೆವು. ಆ ದಿನ ಊರಿಗೆಲ್ಲ ಊಟ ತಡವಾಯಿತು.